ಕಲ್ಲಿನ ಬಲಭಾಗ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡರೆ ಜನ ನಗುತ್ತಾರೆ. ನಮ್ಮ ಮನೆಯವರು ಜೀವ ಹೋಗುವ ಮೊದಲೇ ಸಮಾಧಿಯ ಕಲ್ಲು ಕೆತ್ತಿಸಿದವರು. ಅವರನ್ನು ಕಂಡು ಯಾರೂ ನಗಲಿಲ್ಲ. ಮುಂದಾಲೋಚನೆ ಅಂದರು.

ಒಂಬತ್ತು ವರ್ಷದ ಹಿಂದೆ ತಾತ ಸತ್ತಾಗ ದೊಡ್ಡಪ್ಪ ಸ್ಮಶಾನದಲ್ಲಿ ಜೋಡಿ ಜಾಗ ಹಿಡಿದ. ಕಲ್ಲಿನ ಎಡಕ್ಕೆ ತಾತನ ಹೆಸರು, ಹುಟ್ಟಿದ ದಿನ, ಸತ್ತ ದಿನ. ಬಲಕ್ಕೆ ಅಜ್ಜಿಯ ಹೆಸರು, ಹುಟ್ಟಿದ ದಿನ, ಒಂದು ಅಡ್ಡಗೆರೆ, ಆಮೇಲೆ ಖಾಲಿ. ಆ ಖಾಲಿ ಒಂಬತ್ತು ವರ್ಷದಿಂದ ಬಾಯಿ ತೆರೆದುಕೊಂಡು ಅವಳಿಗಾಗಿ ಕಾಯುತ್ತಿತ್ತು.

ಹೋದ ತಿಂಗಳು ಡಾಕ್ಟರು ಅಜ್ಜಿಯ ಹೃದಯ ಸೋತಿದೆ ಅಂದರು. ಅದರ ಮುಂದಿನ ಭಾನುವಾರ ಬೆಳಿಗ್ಗೆಯೇ ದೊಡ್ಡಪ್ಪ, ಅತ್ತೆ, ನಮ್ಮಪ್ಪ, ಅವಳು ಹೆತ್ತ ಮೂವರೂ ಅವಳ ಕೋಣೆಯಲ್ಲಿ ಸೇರಿದರು. ದೊಡ್ಡಪ್ಪನ ಕೈಯಲ್ಲಿ ಒಂದು ಪಟ್ಟಿ. ಯಾರ್‍ಯಾರಿಗೆ ಫೋನು, ಶವಪೆಟ್ಟಿಗೆ ಯಾವ ಬಣ್ಣ, ಹೊರುವವರು ಯಾರು. ಅಜ್ಜಿ ಮಂಚದ ತುದಿಯಲ್ಲಿ ಕೂತು ದಿಂಬಿನ ಚೀಲ ಮಡಚುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತು ವರ್ಷ ಇಸ್ತ್ರಿ ಹಾಕಿದವಳು. ಕೈಗೆ ಬಟ್ಟೆ ಸಿಕ್ಕರೆ ಮೂಲೆಗೆ ಮೂಲೆ ಕೂಡಿಸದೆ ಬಿಡುವವಳಲ್ಲ.

“ಹೊರೋದಕ್ಕೆ ಆರು ಜನ,” ಅಂದ ದೊಡ್ಡಪ್ಪ.

“ಅಮ್ಮ ಅದೆಷ್ಟು ಭಾರ ಇದ್ದಾಳೆ? ನಾಲ್ಕು ಜನ ಸಾಕು,” ಅಂದಳು ಅತ್ತೆ.

“ನನಗೆ ಕಿವಿ ಕೇಳಿಸುತ್ತೆ ಕಣೇ,” ಅಂದಳು ಅಜ್ಜಿ. “ಭಾರ ಕಮ್ಮಿ ಅನ್ನಿಸಿದ್ರೆ ನೀನೂ ಮೇಲೆ ಹತ್ತಿ ಕೂತ್ಕೋ.”

ನಾನು ನಕ್ಕೆ. ದೊಡ್ಡಪ್ಪ ಗುರಾಯಿಸಿದ. “ಎಂಟನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಬಂದವನಿಗೆ ಇದೆಲ್ಲ ಅರ್ಥ ಆಗಲ್ಲ. ಸುಮ್ನಿರು.”

ಅಜ್ಜಿ ಮಡಚಿದ ಚೀಲವನ್ನು ಪಕ್ಕಕ್ಕಿಟ್ಟಳು. “ಪಟ್ಟಿ ಚೆನ್ನಾಗಿದೆ. ಒಂದೇ ಒಂದು ಮಾತು. ನನ್ನನ್ನ ನಿಮ್ಮಪ್ಪನ ಪಕ್ಕ ಇಡಬೇಡಿ.”

“ಹಂಗಂದ್ರೆ?”

“ಹಂಗಂದ್ರೆ ಹಂಗೇ. ಐವತ್ತೊಂದು ವರ್ಷ ಆ ಮನುಷ್ಯನ ಪಕ್ಕ ಉಸಿರು ಬಿಗಿ ಹಿಡ್ಕೊಂಡು ಮಲಗಿದ್ದೀನಿ. ನಾನು ಮಗ್ಗುಲು ಬದಲಾಯಿಸಿದ್ರೆ ಅವರ ನಿದ್ದೆ ಕೆಡ್ತಿತ್ತು. ಅವರ ನಿದ್ದೆ ಕೆಟ್ರೆ ಏನಾಗ್ತಿತ್ತು ಅಂತ ನಿಮಗೆ ಮೂವರಿಗೂ ಗೊತ್ತು. ಊರಿನ ರೋಗಿಗಳಿಗೆಲ್ಲ ಹಾಸಿಗೆ ಬಟ್ಟೆ ತಿಕ್ಕಿ ಕೊಟ್ಟೆ, ನಾನು ಮಾತ್ರ ಕಾಲು ಚಾಚಲಿಲ್ಲ. ಅವರು ಹೋಗಿ ಇಷ್ಟು ವರ್ಷ ಆಯ್ತು, ಈಗಲೂ ಮಂಚದ ತುದೀಲೇ ಮಲಗ್ತೀನಿ. ಮಣ್ಣೊಳಗೂ ತುದಿಗೆ ಸರೀಬೇಕಾ?”

ಅಪ್ಪ ನೆಲ ನೋಡಿದ. ಅತ್ತೆಯ ಬಲಗೈ ತಾನಾಗಿಯೇ ಹೋಗಿ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡಿತು. ಮೂವರಿಗೂ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿ ಬರೆದುಕೊಂಡು ಬಂದಿದ್ದರು.

“ಜನ ಏನಂತಾರಮ್ಮ?” ಅಂದ ದೊಡ್ಡಪ್ಪ.

“ಅಲ್ಲಿ ಮಲಗೋದು ಜನಾನಾ, ನಾನಾ?”

“ಹೆಸರು ಕೆತ್ತಿಸಾಗಿದೆ. ಕಲ್ಲಲ್ಲಿ ಬಿದ್ದಿದ್ದು ಅಳಿಸೋಕಾಗಲ್ಲ. ಬೇಕಾದ್ರೆ ನಿನ್ನ ಮುದ್ದಿನ ಮೊಮ್ಮಗನ್ನೇ ಕೇಳು. ಕೆತ್ತಿದವನು ಅವನೇ ತಾನೆ?”

ಕೆತ್ತಿದವನು ನಾನೇ. ಆಗ ಹದಿನೈದು ವರ್ಷ, ಕಲ್ಲು ಕೆತ್ತುವ ಮೇಸ್ತ್ರಿಯ ಹತ್ತಿರ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತಾತನ ಹೆಸರನ್ನು ಮೇಸ್ತ್ರಿ ಕೆತ್ತಿದ. “ನಿಮ್ಮಜ್ಜೀದು ನೀನೇ ಹೊಡಿ, ಮನೆಯವರದು, ತಪ್ಪಾದ್ರೂ ಯಾರೂ ಕೇಳಲ್ಲ,” ಅಂದ. ನಾನು ಕಲ್ಲಿನಲ್ಲಿ ಇಳಿಸಿದ ಮೊದಲ ಅಕ್ಷರಗಳು ಅವು. ಕಂಡ ಕಂಡವರನ್ನೆಲ್ಲ ಕರೆದು ತೋರಿಸಿದ್ದೆ. ನಿನಗೆ ಇದು ಬೇಕಾ ಅಂತ ಅವಳೊಬ್ಬಳನ್ನು ಕೇಳಿರಲಿಲ್ಲ. ಅವಳನ್ನು ಕೇಳದೆ ಎಲ್ಲ ನಿರ್ಧರಿಸುವವರ ಮೇಲೆ ಉರಿದುಬೀಳುತ್ತೇನಲ್ಲ, ಆವತ್ತು ಉಳಿ ಇದ್ದದ್ದು ನನ್ನ ಕೈಯಲ್ಲಿ.

ಅವರೆಲ್ಲ ಹೋದ ಮೇಲೆ ಕೇಳಿದೆ. “ಆವತ್ತೇ ಯಾಕೆ ಬೇಡ ಅನ್ನಲಿಲ್ಲ?”

“ಕಣ್ಣರಳಿಸಿಕೊಂಡು ನಿಂತಿದ್ದೆಯಲ್ಲೋ. ಒಂದಕ್ಷರ ನೆಟ್ಟಗೆ ಬರಿಯೋಕೆ ಬರಲ್ಲ ಅಂತ ಎಲ್ಲರ ಹತ್ರ ಉಗಿಸಿಕೊಂಡಿದ್ದವನು. ಹೆಂಗೆ ಬೇಡ ಅನ್ನಲಿ?”

ಮರುದಿನವೇ ಅವಳನ್ನು ಸ್ಮಶಾನದ ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತ ದಪ್ಪ ಪುಸ್ತಕ ಮಗುಚಿದ. “ಬೇರೆ ಜಾಗ ಬೇಕು ಅಂದ್ರೆ ನಿಮ್ಮ ಸಹಿ ಸಾಕು ಅಜ್ಜಿ, ಮಗನದು ಬೇಡ. ಆದ್ರೆ ಒಂದು ಕಲ್ಲಲ್ಲಿ ಹೆಸರಿರೋರಿಗೆ ಇನ್ನೊಂದು ಜಾಗ ಕೊಡೋ ಹಾಗಿಲ್ಲ. ಮೊದಲು ಅದನ್ನ ತೆಗೆಸಿ. ನಿಮ್ಮ ಹೆಸರು, ನೀವು ಕೇಳಿದ್ರೆ ಕಲ್ಲು ಒಯ್ಯೋಕೆ ನಾನು ಅಡ್ಡ ಬರಲ್ಲ.”

“ಗೋಡೆ ಪಕ್ಕದ ಆ ಮೂಲೆ ಖಾಲಿ ಇದೆಯಾ?”

“ಇದೆ. ಆದ್ರೆ ಆ ಕಡೆ ಈ ಕಡೆ ಯಾರೂ ಇಲ್ಲ.”

“ಅದಕ್ಕೇ ಕೇಳಿದ್ದು,” ಅಂದಳು. ಒಂದೊಂದೇ ಅಕ್ಷರ ಒತ್ತಿ ಸಹಿ ಹಾಕಿದಳು.

ಕಲ್ಲಿನಿಂದ ಹೆಸರು ತೆಗೆಯುವುದು ಹಲಗೆ ಒರೆಸಿದ ಹಾಗಲ್ಲ. ಅಕ್ಷರಕ್ಕೆ ಮೆತ್ತಿದ ಗಾರೆ ಎರಡು ಮಳೆಗೆ ಉದುರುತ್ತದೆ. ಹೆಸರಿರುವಷ್ಟೇ ಜಾಗ ತೇಯ್ದರೆ ಅಲ್ಲಿ ಗುಳಿ ಬೀಳುತ್ತದೆ; ಓರೆ ಬಿಸಿಲಿಗೆ ಆ ಗುಳಿಯೇ ಎದ್ದು ಕಾಣುತ್ತದೆ. ಇರುವುದೊಂದೇ ದಾರಿ. ಅಕ್ಷರದ ಆಳದವರೆಗೆ ಕಲ್ಲಿನ ಇಡೀ ಮುಖವನ್ನೇ ತೇಯ್ದು ಇಳಿಸಬೇಕು.

“ಹೆಂಡ್ತಿ ಹೆಸರು ತೆಗೆಯೋಕೆ ಹೋದ್ರೆ ಗಂಡನ ಹೆಸರೂ ಹೋಗುತ್ತೆ,” ಅಂದ ಮೇಸ್ತ್ರಿ. “ಯೋಚನೆ ಮಾಡಿದ್ದೀಯಾ?”

“ಅವರದನ್ನ ಮತ್ತೆ ಕೆತ್ತುತ್ತೀನಿ. ನಟ್ಟನಡುವೆ. ಜಾಗ ಜಾಸ್ತಿ ಬೇಕು ಅಂತ ತಾನೆ ಅವರ ಆಸೆ.”

ಕಲ್ಲನ್ನು ಮೇಸ್ತ್ರಿಯ ಶೆಡ್ಡಿಗೆ ತರಿಸಿ, ಬೆಳಿಗ್ಗೆ ಹತ್ತಕ್ಕೆ ತೇಯುವ ಮೆಷಿನ್ ಹಿಡಿದು ಶುರು ಮಾಡಿದೆ. ಬೇಡ ಅಂದರೂ ಕೇಳದೆ ಅಜ್ಜಿ ಬಂದಿದ್ದಳು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಸೆರಗು ಹಿಡಿದು ಕೂತಿದ್ದಳು. ತಾತನ ಹೆಸರು ಅರ್ಧ ಹೋಗಿತ್ತು, ಆಗ ದೊಡ್ಡಪ್ಪ ನುಗ್ಗಿದ. ಸ್ಮಶಾನದಲ್ಲಿ ಕಲ್ಲು ಇಲ್ಲದ್ದನ್ನು ಯಾರೋ ನೋಡಿ ಅವನಿಗೆ ಸುದ್ದಿ ಮುಟ್ಟಿಸಿದ್ದರು.

“ಅಪ್ಪನ ಹೆಸರೇ ಅಳಿಸ್ತಿದ್ದೀಯೇನೋ, ಉಂಡ ಮನೆಗೆ ಎರಡು ಬಗೆಯೋನೇ! ನಿಲ್ಲಿಸೋ!”

ನಾನು ತಲೆ ಎತ್ತಲಿಲ್ಲ. ಅವನು ಗೋಡೆಯಿಂದ ಪ್ಲಗ್ ಕಿತ್ತೆಸೆದ. ಮೆಷಿನ್ ಗೊರಗೊರ ಅಂದು ಸತ್ತಿತು. ಸಾಯಲಿ. ಉಜ್ಜುಗಲ್ಲು ತೆಗೆದುಕೊಂಡು ಕೈಯಲ್ಲೇ ಉಜ್ಜತೊಡಗಿದೆ. ಅವನು ಭುಜ ಹಿಡಿದು ಎಳೆದ. ಕೊಡವಿಕೊಂಡು ಮತ್ತೆ ಉಜ್ಜಿದೆ.

“ಕರೆಂಟ್ ಕಿತ್ತೆ. ಈಗ ನನ್ನ ಕೈ ಕೀಳ್ತೀಯಾ?” ಅಂದೆ. “ಕೆತ್ತಿದವನು ನಾನು. ಅವಳನ್ನ ಕೇಳದೆ ಕೆತ್ತಿದವನೂ ನಾನೇ. ತೆಗೆಯೋನೂ ನಾನೇ.”

“ಅಮ್ಮ, ನೀನಾದ್ರೂ ಹೇಳಮ್ಮ.” ದೊಡ್ಡಪ್ಪ ಗೋಗರೆದ. ಅರವತ್ತರ ಹತ್ತಿರದ ಗಂಡಸು. “ಅಪ್ಪ ಅಲ್ಲಿ ಒಬ್ಬರೇ ಆಗ್ತಾರಲ್ಲಮ್ಮ.”

ಅಜ್ಜಿ ಅವನನ್ನೇ ನೋಡಿದಳು. “ಪಕ್ಕದ ಜಾಗ ಖಾಲಿ ಇದೆ ಮಗ. ಅಷ್ಟು ಸಂಕಟ ಆಗೋದಾದ್ರೆ ನಿನ್ನ ಹೆಸರು ಹಾಕಿಸ್ಕೋ. ಇವನು ಈಗ ಚೆನ್ನಾಗಿ ಕೆತ್ತುತ್ತಾನೆ.”

ದೊಡ್ಡಪ್ಪ ಕಲ್ಲಿನ ಬಲಭಾಗ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಏಟು ಬೀಳುತ್ತದೆ ಅಂದುಕೊಂಡ ಹುಡುಗ ಸರಿಯುವ ಹಾಗೆ.

ಅಜ್ಜಿ ಎದ್ದಳು. ಹಿಡಿಯಲು ಹೋದ ಮೇಸ್ತ್ರಿಯ ಕೈ ತಳ್ಳಿದಳು. ಗೋಡೆ ಹಿಡಿದುಕೊಂಡು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ನೆಲಕ್ಕೆ ಬಿದ್ದಿದ್ದ ಪ್ಲಗ್ ಎತ್ತಿ, ತಾನೇ ಸಿಕ್ಕಿಸಿದಳು. ಮೆಷಿನ್ ಕಿರುಚಿತು.

ಮಧ್ಯಾಹ್ನದ ಹೊತ್ತಿಗೆ ಕಲ್ಲು ಬೋಳಾಯಿತು. ದೊಡ್ಡಪ್ಪ ಇನ್ನೂ ಬಾಗಿಲಲ್ಲೇ ನಿಂತಿದ್ದ, ತಲೆತುಂಬ ಬಿಳಿ ಧೂಳು. ಅಜ್ಜಿ ಹತ್ತಿರ ಬಂದು, ತನ್ನ ಹೆಸರಿದ್ದ ಕಡೆ ಅಂಗೈ ಇಟ್ಟು, ಹಾಸಿಗೆ ಬಟ್ಟೆ ಸವರುವ ಹಾಗೆ ನಿಧಾನವಾಗಿ ಸವರಿದಳು. ಒಂದು ಕಡೆ ಬೆರಳು ನಿಂತಿತು. ಅಡ್ಡಗೆರೆ ಇದ್ದ ಜಾಗ.

“ಇಲ್ಲೊಂದು ಸುಕ್ಕು ಉಳಿದಿದೆ,” ಅಂದಳು. “ತಿಕ್ಕು.”