ತುಂಡಾಗದ ಎಳೆ

ಪ್ರಯೋಗಾಲಯದ ಮೂರನೇ ಬಿಸಿಕೋಣೆಯ ಬಾಗಿಲ ಮೇಲೆ ನಲವತ್ತೆಂಟು ಡಿಗ್ರಿ ಎಂದು ಕೆಂಪಗೆ ಹೊಳೆಯುತ್ತಿದ್ದುದನ್ನು ಕಂಡು ಸಂಶೋಧಕಿ ರಿಪೇರಿಯವರನ್ನು ಕೂಗಿದಳು. ಇರಬೇಕಾದ್ದು ನಲವತ್ತೆರಡು. ಒಳಗೆ ಅವಳ ಮೂರು ವರ್ಷದ ದುಡಿಮೆಯಾದ ಹೊಸ ತಳಿಯ ಭತ್ತದ ಸಸಿಗಳು, ಪಕ್ಕದಲ್ಲಿ ಹೋಲಿಕೆಗೆಂದು ಇಟ್ಟ ಮಾಮೂಲಿ ಸಸಿಗಳು, ಎರಡೂ ಸೋತು ಜೋತುಬಿದ್ದಿದ್ದವು.

ಅಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದವಳು ಅವಳ ಸ್ವಂತ ಅಕ್ಕ. ಓಡಿಬಂದು ಹಿಂಬದಿಯ ಮುಚ್ಚಳ ಬಿಚ್ಚಿದವಳ ಮುಖ ಬಿಳಿಚಿಕೊಂಡಿತು.

"ಫ್ಯಾನಿನ ವೈರು ಕಣೇ. ಬೆಳಿಗ್ಗೆ ಸರ್ವಿಸ್ ಮಾಡ್ದಾಗ ಸಿಕ್ಕಿಸೋದೇ ಮರ್ತಿದೀನಿ."

"ಅದು ಆಮೇಲೆ. ಮೊದ್ಲು ಕತ್ತರಿ ಕೊಡಕ್ಕ."

ಎಲೆತುದಿಗಳನ್ನು ಕತ್ತರಿಸಿ, ಇದ್ದ ಸ್ಥಿತಿಯಲ್ಲೇ ಹೆಪ್ಪುಗಟ್ಟಲೆಂದು ಹೊಗೆಯಾಡುವ ದ್ರವ ಸಾರಜನಕಕ್ಕೆ ಹಾಕಿದಳು. ಸಸಿಗಳನ್ನು ತಂಪು ಕೋಣೆಗೆ ಸಾಗಿಸಿದಳು.

ಜೀವಕೋಶದಲ್ಲಿ ಪ್ರೋಟೀನು ತಯಾರಿಸುವುದು ರೈಬೋಸೋಮು. ಅದಕ್ಕೆ ಬೇಕಾದ ಆರ್‌ಎನ್‌ಎ ಮೊದಲು ಒಂದೇ ಉದ್ದನೆಯ ಎಳೆಯಾಗಿ ಹುಟ್ಟಿ, ಆಮೇಲೆ ಅಳತೆಗೆ ತಕ್ಕಂತೆ ತುಂಡಾಗಬೇಕು. ಬಿಸಿ ಏರಿದರೆ ಆ ಕೆಲಸ ಕುಂಟುತ್ತದೆ. ತನ್ನ ತಳಿಯಲ್ಲಿ ಅದು ನಲವತ್ತೆರಡು ಡಿಗ್ರಿಗೂ ಕುಂಟುವುದಿಲ್ಲ ಎಂಬುದು ಅವಳ ವಾದ.

ಮರುದಿನ ಸಂಜೆ ಬಂದ, ಎಲೆಗಳ ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಪಟ್ಟೆಗಳಾಗಿ ಬೇರ್ಪಡಿಸಿದ ಚಿತ್ರದಲ್ಲಿ ಎರಡೂ ಬಗೆಯ ಸಸಿಗಳಿಗೂ ಮೇಲ್ಗಡೆ ಒಂದೇ ತೆರನಾದ ದಪ್ಪ ಪಟ್ಟೆ. ತುಂಡಾಗದೆ ಉಳಿದ ಎಳೆ.

"ನಲವತ್ತೆರಡಕ್ಕೇ ಹಿಂಗಾದ್ರೆ ಈ ತಳಿ ಕೈಬಿಡೋದೇ ವಾಸಿ, ಅಲ್ವೇನಮ್ಮಾ?" ಎಂದರು ಮುಖ್ಯಸ್ಥರು.

ನಿಜ ಹೇಳಿದರೆ ಅಕ್ಕನ ಕೆಲಸಕ್ಕೆ ಕುತ್ತು. ಸುಮ್ಮನಿದ್ದರೆ ಮೂರು ವರ್ಷ ಮಣ್ಣುಪಾಲು. ತುಟಿ ಬಿಚ್ಚುವಷ್ಟರಲ್ಲಿ ಬಾಗಿಲ ಬಳಿಯಿಂದ ಅಕ್ಕನ ದನಿ ಬಂತು.

"ನಲವತ್ತೆಂಟಕ್ಕೆ ಹೋಗಿತ್ತು ಸಾರ್. ಎರಡು ಗಂಟೆ. ತಪ್ಪು ನಂದು."

ಮುಖ್ಯಸ್ಥರು ಕನ್ನಡಕ ತೆಗೆದು ಅಕ್ಕನನ್ನು ದಿಟ್ಟಿಸಿದರು. "ಮೆಮೋ ಕೊಡ್ಲೇಬೇಕಾಗುತ್ತೆ."

"ಕೊಡಿ ಸಾರ್."

"ಆ ಸಸಿ ಇನ್ನೂ ಜೀವ ಹಿಡ್ಕೊಂಡಿದಾವಾ?" ಎಂದು ತಂಗಿಯತ್ತ ತಿರುಗಿದರು. "ಹಾಗಿದ್ರೆ ಇವತ್ತೇ ಮತ್ತೆ ಎಲೆ ತಗೊಳ್ಳಿ. ತಂಪಲ್ಲಿ ಸುಧಾರಿಸ್ಕೊಂಡಿದಾವಾ ನೋಡೋಣ."

ಎರಡು ದಿನ ಅಕ್ಕತಂಗಿಯರಿಬ್ಬರ ಊಟದ ಡಬ್ಬಿಗಳು ತೆರೆಯದೆ ಮನೆಗೆ ವಾಪಸಾದವು. ಮೂರನೆಯ ದಿನ ಹೊಸ ಚಿತ್ರ ಬಂತು. ಮಾಮೂಲಿ ಸಸಿಗಳಲ್ಲಿ ದಪ್ಪ ಪಟ್ಟೆ ಹಾಗೇ ಇತ್ತು. ಅವಳ ತಳಿಯಲ್ಲಿ ಅದು ಕರಗಿ, ಅದರ ಜಾಗದಲ್ಲಿ ಅಳತೆಗೆ ಸರಿಯಾದ ತುಂಡುಗಳು ಮೂಡಿದ್ದವು. ಪೆಟ್ಟು ತಿಂದರೂ ತಂಪು ಸಿಕ್ಕ ಒಂದೇ ದಿನದಲ್ಲಿ ಅದು ಚೇತರಿಸಿಕೊಂಡಿತ್ತು. ಇದನ್ನು ಪರೀಕ್ಷಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಒಳ್ಳೇದಾ ಕೆಟ್ಟದ್ದಾ? ಹೇಳ್ಬಿಡೇ, ಜೀವ ತಿನ್ಬೇಡ" ಎಂದಳು ಅಕ್ಕ.

"ಒಳ್ಳೇದೇ ಅನ್ಸುತ್ತೆ. ಇನ್ನೆರಡು ಸಲ ಹಿಂಗೇ ಬಂದ್ರೆ ನಂಬ್ತೀನಿ." ಅವಳು ಚಿತ್ರವನ್ನು ಅಕ್ಕನ ಕೈಗಿತ್ತಳು.

ಅಕ್ಕ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು, ತಲೆಬುಡ ಅರ್ಥವಾಗದಿದ್ದರೂ.