ಆರಿಂಚು ಎತ್ತರಿಸಿದ ಗಾಡಿ

೧.
ಎಲ್ಲಿಂದ ಶುರು ಮಾಡಲಿ? ಗಾಡಿಯಿಂದಲೋ, ಅದನ್ನು ಹತ್ತಲಾಗದವಳಿಂದಲೋ?

ಮೊದಲ ಡ್ರಾಫ್ಟಿನಲ್ಲಿ ಗಾಡಿಯಿಂದಲೇ ಶುರು ಮಾಡಿದ್ದೆ. ಹಡಪಸರದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ರಘುರಾಮ ತನ್ನ ಪಿಕಪ್ ಗಾಡಿಯನ್ನು ಆರು ಇಂಚು ಎತ್ತರಿಸಿದ. ಮಂಡಿನೋವಿನ ಹೆಂಡತಿ ಕುಸುಮ ಅದನ್ನು ಹತ್ತಲು ಹೋಗಿ, ಜಾರಿ ಬಿದ್ದು ಸತ್ತಳು. ಮುಗಿಯಿತು. (ನಾನು ಬರೆದದ್ದನ್ನು ನಾನೇ ಓದಿ ಕಣ್ಣೊರೆಸಿಕೊಂಡೆ. ನಾಚಿಕೆಗೇಡು.)

೨.
ಡಿಲೀಟ್ ಮಾಡಿದೆ. ಕುಸುಮ ಬದುಕಿದಳು. ಈಗ ಗಂಡ ಹೆಂಡತಿ ಭೋಸರಿಯಲ್ಲಿ ಹಣಮಂತ್ರಾಯನ ವೆಲ್ಡಿಂಗ್ ಶೆಡ್ಡಿನಲ್ಲಿದ್ದಾರೆ. ಗಾಡಿಗೆ ಮೆಟ್ಟಿಲು ಬೇಕು. ಹತ್ತುವವರು ಖುದ್ದು ಬಂದು ಕಾಲೆತ್ತಿ ತೋರಿಸದೆ ಹಣಮಂತ್ರಾಯ ಕೆಲಸ ಹಿಡಿಯುವವನಲ್ಲ.

"ಅಕ್ಕಾರ, ನೋವಾಗದಂಗ ಎಷ್ಟು ಆಗ್ತದ ಅಷ್ಟೇ ಎತ್ರಿ. ಜುಲುಮಿ ಬ್ಯಾಡ."

ಕುಸುಮ ಎತ್ತಿದಳು. ಅವನು ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದ. ನೆಲದಿಂದ ಹತ್ತು ಇಂಚು. ಅಷ್ಟಕ್ಕೇ ಸರಿಯಾಗಿ ಮೆಟ್ಟಿಲು ವೆಲ್ಡ್ ಮಾಡಿ, ಟೇಪು ಹಿಡಿದು ನೋಡಿದ. ಹನ್ನೆರಡು.

ಬಿಚ್ಚಿ ಮತ್ತೆ ಹತ್ತಕ್ಕೇ ಕೂರಿಸಿದ. ಹದಿನಾಲ್ಕು.

"ನಾ ಬರೋಬ್ಬರಿ ಹಚ್ಚೀನ್ರಿ. ಗಾಡಿನೇ ಏರಾಕತ್ತದ."

ಗಾಡಿ ಎತ್ತುವ ಜ್ಯಾಕ್ ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿತ್ತು. ರಘುರಾಮ ನಕ್ಕ. (ನಗು ನಾನು ಬರೆದದ್ದು. ಗಾಡಿ ಏರಿದ್ದನ್ನು ನಾನು ಬರೆದಿಲ್ಲ. ಆಣೆ.)

೩.
ಕುಸುಮ ಗಂಡನನ್ನು ನೋಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು.

"ಹೋದ ಸಲ ಬಿದ್ದದ್ದು ನನಗೆ ನೆನಪುಂಟು."

ಮೊದಲ ಡ್ರಾಫ್ಟನ್ನು ಕಂಪ್ಯೂಟರಿನಲ್ಲೆಲ್ಲ ಹುಡುಕಿದೆ. ಆ ಫೈಲು ಈಗ ಎಲ್ಲೂ ಇಲ್ಲ.

"ಮೆಟ್ಟಿಲು ಎಂತಕ್ಕೆ? ಗಾಡಿಯನ್ನೇ ಇಳಿಸಿದ್ರೆ ಆಯ್ತಲ್ಲ?"

"ಇಳಿಸಿದ್ರೆ ಮತ್ತೆ ಲುಕ್ ಎಲ್ಲುಂಟು ಮಾರಾಯ್ತಿ?" ಅಂದ ರಘುರಾಮ.

ಅವನ ಜಂಬಕ್ಕೆ ನಾಲ್ಕು ಬೈಗುಳ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ತಲೆಯಲ್ಲೂ ಅದೇ ಓಡಿತು: ಇಳಿಸಿದರೆ ಮತ್ತೆ ಕಥೆ ಎಲ್ಲಿದೆ?

೪.
ಅಂತ್ಯ ಒಂದು: ಕುಸುಮ ಆರಾಮಾಗಿ ಹತ್ತುತ್ತಾಳೆ, ಇಬ್ಬರೂ ಮನೆಗೆ ಹೋಗುತ್ತಾರೆ. ಬರೆದೆ. ಟೇಪು ಹದಿನಾರು ತೋರಿಸಿತು.

ಅಂತ್ಯ ಎರಡು: ಕುಸುಮ ರಿಕ್ಷಾ ಹಿಡಿದು ಹೋಗುತ್ತಾಳೆ. ಇದು ನನಗೆ ತುಂಬಾ ಇಷ್ಟವಾಗಿತ್ತು. ಅವಳು ಹೊರಟಳು ಕೂಡ. "ಎಲ್ಲರೂ ನೋಡ್ತಿದ್ದಾರೆ, ಸುಮ್ಮನೆ ಹತ್ತು" ಅಂದ ರಘುರಾಮ. ಈ ಮಾತನ್ನೂ ನಾನು ಬರೆದಿಲ್ಲ. ಅವಳು ವಾಪಸು ಬಂದು ಬಲಗಾಲು ಮೆಟ್ಟಿಲ ಮೇಲಿಟ್ಟಳು.

ಅಂತ್ಯ ಮೂರು: ಗಾಡಿ ಇಳಿಯಿತು.

ಎರಡೇ ಪದ. ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಎಷ್ಟು ಸಪ್ಪೆ ಅನ್ನಿಸಿತು. ಅಳಿಸಿದೆ. ನನಗೆ ಭಯವಾಗುತ್ತಿದೆ, ಗಾಡಿಯದಲ್ಲ, ನನ್ನದೇ.

೫.
ಹಾಗಾಗಿ ಇಲ್ಲಿಗೇ ಬಿಡುತ್ತೇನೆ. ಮುಂದೆ ಬರೆಯದಿದ್ದರೆ ಅವಳು ಬೀಳುವುದಾದರೂ ಹೇಗೆ, ಹೇಳಿ?

ಕುಸುಮಳ ಬಲಗಾಲು ಮೆಟ್ಟಿಲ ಮೇಲಿದೆ. ಎಡಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿದೆ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಾಳೆ. ನಾನು ಕೀಬೋರ್ಡಿನಿಂದ ಎರಡೂ ಕೈ ತೆಗೆದಿದ್ದೇನೆ.

"ಹದಿನೆಂಟು," ಅಂದ ಹಣಮಂತ್ರಾಯ.