ಗೋಡೆಯಾಚೆಯ ಲೂರ್ದಮ್ಮ

ಜಾಲಿಮುಳ್ಳಿನ ಕಂತೆಯನ್ನು ಜ್ಞಾನಮ್ಮ ದಾರಿಗೆ ಅಡ್ಡ ಎಳೆಯುವ ಹೊತ್ತಿಗೆ ಶವದ ವ್ಯಾನು ತಳಕು ಊರು ದಾಟಿ ಹಟ್ಟಿಯ ತಿರುವಿಗೆ ಬಂದಿತ್ತು. ಗೋಡೆ ಸುತ್ತಿದ ಕ್ರೈಸ್ತರ ಸಮಾಧಿ ಜಾಗಕ್ಕೆ ಇದ್ದದ್ದು ಅವಳ ಶೇಂಗಾ ಹೊಲದೊಳಗಿನ ಅದೊಂದೇ ದಾರಿ.

ತೀರಿಕೊಂಡವರು ನಿವೃತ್ತ ಆರ್ಚ್‌ಬಿಷಪ್ ಚೌರಪ್ಪನವರು. ಕುರಿ ಕಾಯುವವನ ಮಗ. ಇದೇ ಹಟ್ಟಿಯಿಂದ ಪಾದ್ರಿಯಾಗಲು ಗುರುಮಠ ಸೇರಿ, ರೋಮಿನಲ್ಲಿ ಓದಿ, ದೊಡ್ಡ ಪೀಠ ಏರಿದವರು. ಚಳ್ಳಕೆರೆಯ ಹೆಣ್ಣುಮಕ್ಕಳ ಹಾಸ್ಟೆಲ್, ಮೊಳಕಾಲ್ಮುರಿನ ಆಸ್ಪತ್ರೆ ಅವರು ಕಟ್ಟಿಸಿದ್ದು. ಕೆಥೆಡ್ರಲ್ಲಿನ ಸಮಾಧಿ ಬೇಡ, ಅವ್ವನ ಪಕ್ಕ ಮಣ್ಣು ಮಾಡಿ ಎಂದು ಹೇಳಿ ಕಣ್ಣು ಮುಚ್ಚಿದ್ದರು.

ಅವರ ತಮ್ಮನ ಮಗ ಇನ್ನಾಸಪ್ಪ ಕೈಮುಗಿದ. "ಚಿಕ್ಕಮ್ಮ, ಸತ್ತೋರ ಮ್ಯಾಲೆ ಏನು ಸೇಡು? ದಾರಿ ಬಿಡ್ರಿ."

"ಬಿಡ್ತೀನಿ. ಮೊದ್ಲು ಆ ಗೋಡೆ ಒಡೀರಿ. ಅಲ್ಲಿತಂಕ ನಿಮ್ಮ ದೊಡ್ಡಪ್ಪ ಬಿಸಿಲಾಗೇ ಇರ್ಲಿ."

*

ಎಪ್ಪತ್ತರ ದಶಕದಲ್ಲಿ ಚೌರಪ್ಪನವರು ಇಲ್ಲಿಯೇ ಗುರುಗಳಾಗಿದ್ದಾಗ ಜ್ಞಾನಮ್ಮನ ಒಬ್ಬಳೇ ಮಗಳು ಲೂರ್ದಮ್ಮ ಬಾವಿಯಲ್ಲಿ ಸತ್ತಳು. ಕಾಲು ಜಾರಿತೋ, ತಾನೇ ಹಾರಿದಳೋ ಕಂಡವರಿಲ್ಲ. ಮದುವೆ ಮುರಿದಿದ್ದರಿಂದ ಹಾರಿದ್ದೇ ಎಂದು ಚೌರಪ್ಪನವರು ತೀರ್ಮಾನಿಸಿದರು. ತಾನಾಗಿ ಪ್ರಾಣ ಕಳೆದುಕೊಂಡವರಿಗೆ ಸಮಾಧಿಯ ಗೋಡೆಯೊಳಗೆ ಜಾಗವಿಲ್ಲ, ಅದು ಧರ್ಮಸಭೆಯ ನಿಯಮ ಎಂದರು. ಹೆಣವಿದ್ದ ಎತ್ತಿನಗಾಡಿಯ ಪಕ್ಕ ಜ್ಞಾನಮ್ಮ ಸಂಜೆಯವರೆಗೂ ಗೇಟಿನ ಮುಂದೆ ಕೂತಳು. ಗೇಟು ತೆರೆಯಲಿಲ್ಲ. ಪ್ರಾರ್ಥನೆಯಿಲ್ಲದೆ ಗೋಡೆಯಾಚೆ ಹೂಳಿದರು.

ಮುಂದೆ ನಿಯಮ ಸಡಿಲವಾಯಿತು. ಗೋಡೆ ಹಾಗೇ ಉಳಿಯಿತು. ಆರ್ಚ್‌ಬಿಷಪ್ ಆದಮೇಲೆ ಚೌರಪ್ಪನವರು ಒಮ್ಮೆ ಅವಳ ಮನೆಬಾಗಿಲಿಗೆ ಬಂದಿದ್ದರು. ಗೋಡೆ ಒಡೆಸು ಎಂದಳು. ಒಡೆಸಿದರೆ ತಾವೇ ತಪ್ಪು ಮಾಡಿದ್ದಾಗಿ ಊರಿಗೆಲ್ಲ ಸಾರಿದಂತೆ. ನೋಡೋಣ ಎಂದು ಕಾರು ಹತ್ತಿದ್ದರು.

*

ಪೊಲೀಸರನ್ನು ಕರೆಸುವ ಮಾತು ಪಟ್ಟಣದಿಂದ ಬಂದವರ ನಡುವೆ ಎದ್ದಿತು. ಪಕ್ಕದ ಹೊಲದ ದುರುಗಣ್ಣ ಅಡ್ಡ ಬಂದ.

"ಹೊಲ ಆಯಮ್ಮಂದು. ಅವತ್ತು ಲೂರ್ದಮ್ಮನ ಗಾಡಿ ಹೊಡ್ದಿದ್ದು ನಾನು. ಒಡೀರಿ."

ಈಗಿನ ಗುರುಗಳು ಒಪ್ಪಿದರು. ಹಾರೆ ತಂದವನು ದುರುಗಣ್ಣನೇ. ಬಿಸಿಲು ನೆತ್ತಿಗೇರುವಷ್ಟರಲ್ಲಿ ಹುಡುಗಿಯನ್ನು ಹೂಳಿದ್ದ ಮಗ್ಗುಲಿನ ಗೋಡೆ ನೆಲಸಮವಾಯಿತು. ಗುರುಗಳು ಲೂರ್ದಮ್ಮನ ದಿಬ್ಬದ ಮೇಲೆ ತೀರ್ಥ ಚಿಮುಕಿಸಿ, ಅವಳ ಹೆಸರು ಹಿಡಿದು ಪ್ರಾರ್ಥಿಸಿದರು. ನೆರೆದವರೆಲ್ಲ ಶಿಲುಬೆಯ ಗುರುತು ಮಾಡಿಕೊಂಡರು.

"ಈಗ ಸಮಾಧಾನ ಆಯ್ತಾ ಚಿಕ್ಕಮ್ಮ?" ಇನ್ನಾಸಪ್ಪ ಮೆಲ್ಲಗೆ ಕೇಳಿದ.

"ಇಲ್ಲ. ಅವನು ಉಸಿರಾಡ್ತಿದ್ದಾಗ ಅವನ ಕೈಲೇ ಒಡೆಸಬೇಕಿತ್ತು." ಮುಳ್ಳು ಸರಿಸುತ್ತಾ ಅವಳು ಹೇಳಿದಳು, "ಗೇಟಿಂದ ಬ್ಯಾಡ. ನನ್ನ ಮಗಳ ಮಗ್ಗುಲಾಗೇ ಹೊತ್ಕಂಡು ಹೋಗ್ರಿ."

ಹೋಗಿ ದಿಬ್ಬದ ಪಕ್ಕ ಕಾಲು ಚಾಚಿ ಕೂತಳು. ಪೆಟ್ಟಿಗೆ ಹತ್ತಿರ ಬಂದಾಗ ಎಲ್ಲರೂ ತಲೆಬಾಗಿ ನಿಂತರು, ಅವಳು ಏಳಲಿಲ್ಲ. ಹೊತ್ತವರು ಪೆಟ್ಟಿಗೆಯನ್ನು ಓರೆ ಮಾಡಿ, ಉರುಳಿದ ಕಲ್ಲುಗಳ ಮೇಲೆ ತಡವರಿಸುತ್ತಾ, ಅವಳ ಕಾಲು ಬಳಸಿಕೊಂಡು ಒಳಗೆ ಹೋದರು.